ಸಂಶೋಧನ ದತ್ತಾಂಶದ ಸಂರಕ್ಷಣೆ ಮತ್ತು ಹಂಚಿಕೆ

ಹಂತ: ಹೈಯರ್ ಸೆಕೆಂಡರಿ
ಅವಧಿ: ನಾಲ್ಕು ಪಿರಿಯಡ್‌ಗಳು

ಕಲಿಕೆಯ ಉದ್ದೇಶಗಳು

ಈ ಪಾಠದ ಕೊನೆಗೆ ವಿದ್ಯಾರ್ಥಿಗಳು

1. ದತ್ತಾಂಶಕ್ಕೂ ಅದರಿಂದ ಪಡೆದ ತೀರ್ಮಾನಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವರು.
2. ದತ್ತಾಂಶವು ಯಾವ ಯಾವ ಬಗೆಯಲ್ಲಿ ನಷ್ಟವಾಗುತ್ತದೆ ಎಂಬುದನ್ನು ಉದಾಹರಣೆ ಸಹಿತ ವಿವರಿಸುವರು.
3. ದತ್ತಾಂಶವನ್ನು ಹಂಚಿಕೊಳ್ಳುವುದರ ಪ್ರಯೋಜನವನ್ನೂ ಮಿತಿಯನ್ನೂ ತೂಗಿ ನೋಡುವರು.
4. ತಾವೇ ಸಂಗ್ರಹಿಸಿದ ಚಿಕ್ಕ ದತ್ತಾಂಶವೊಂದನ್ನು ಇತರರ ಬಳಕೆಗೆ ಯೋಗ್ಯವಾಗುವಂತೆ ಸಿದ್ಧಪಡಿಸುವರು.

ಪೀಠಿಕೆ

ಸಂಶೋಧನೆ ಎಂದೊಡನೆ ಪ್ರಬಂಧ, ಗ್ರಂಥ, ಪದವಿ ಮುಂತಾದವು ನೆನಪಿಗೆ ಬರುವುದು ಸಹಜ. ಇವೆಲ್ಲ ಕಟ್ಟಡದ ಮೇಲಿನ ಅಂತಸ್ತುಗಳು, ತಳಪಾಯವಾಗಿರುವುದು ದತ್ತಾಂಶ. ಅಳತೆ ಮಾಡಿ ಬರೆದ ಅಂಕಿಗಳು, ಪ್ರಶ್ನಾವಳಿಗೆ ದೊರೆತ ಉತ್ತರಗಳು, ಧ್ವನಿಮುದ್ರಣಗಳು, ಛಾಯಾಚಿತ್ರಗಳು, ಉಪಕರಣಗಳು ತಾವಾಗಿ ದಾಖಲಿಸಿದ ಸಂಕೇತಗಳು ಇವೆಲ್ಲವೂ ದತ್ತಾಂಶವೇ.

ಒಂದು ಸರಳ ಉದಾಹರಣೆಯಿಂದ ಪಾಠವನ್ನು ಆರಂಭಿಸಬಹುದು. ‘ಈ ವರ್ಷ ನಮ್ಮೂರಿನಲ್ಲಿ ಮಳೆ ಕಡಮೆ’ ಎಂಬುದು ತೀರ್ಮಾನ. ಪ್ರತಿದಿನ ಬೆಳಗ್ಗೆ ಮಳೆಮಾಪಕವನ್ನು ನೋಡಿ ಬರೆದಿಟ್ಟ ಮಿಲಿಮೀಟರ್ ಲೆಕ್ಕ ದತ್ತಾಂಶ. ತೀರ್ಮಾನ ತಪ್ಪಾಗಿದ್ದರೆ ಲೆಕ್ಕದ ಪುಸ್ತಕವನ್ನು ಮತ್ತೆ ತೆರೆದು ತಿದ್ದಿಕೊಳ್ಳಬಹುದು. ಲೆಕ್ಕದ ಪುಸ್ತಕವೇ ಕಳೆದುಹೋದರೆ ಹೋದ ವರ್ಷದ ಮಳೆಯನ್ನು ಯಾರೂ ಮತ್ತೆ ಅಳೆಯಲಾರರು.

ಇಂದಿನ ವಿಶ್ವವಿದ್ಯಾನಿಲಯಗಳಲ್ಲಿ ಈ ಲೆಕ್ಕದ ಪುಸ್ತಕ ಊಹೆಗೆ ಮೀರಿ ಬೆಳೆದಿದೆ. ದೂರದರ್ಶಕಗಳು, ಜೀವಕೋಶಗಳನ್ನು ಪರೀಕ್ಷಿಸುವ ಯಂತ್ರಗಳು, ಹವಾಮಾನವನ್ನು ಲೆಕ್ಕಹಾಕುವ ಸೂಪರ್ ಕಂಪ್ಯೂಟರುಗಳು ಗಿಗಾಬೈಟ್‌ಗಳನ್ನು ದಾಟಿ ಟೆರಾಬೈಟ್‌ಗಳ ಲೆಕ್ಕದಲ್ಲಿ ದತ್ತಾಂಶವನ್ನು ಉತ್ಪಾದಿಸುತ್ತವೆ. 1 ಟೆರಾಬೈಟ್ ಎಂದರೆ 1,000 ಗಿಗಾಬೈಟ್. ಇಷ್ಟನ್ನು ಇಡುವುದು ಎಲ್ಲಿ, ಕಾಯುವವರು ಯಾರು, ಕೇಳಿದವರಿಗೆ ಕೊಡಬೇಕೆ, ಕೊಟ್ಟರೆ ಯಾವ ರೂಪದಲ್ಲಿ ಕೊಡಬೇಕು ಎಂಬ ಪ್ರಶ್ನೆಗಳಿಗೆ ಈ ಪಾಠ ಉತ್ತರ ಹುಡುಕುತ್ತದೆ. ಬೇರೊಬ್ಬರು ತೆರೆದು, ಓದಿ, ಅರ್ಥಮಾಡಿಕೊಳ್ಳಲು ಬರುವಂತೆ ಇಟ್ಟ ದತ್ತಾಂಶ ಮಾತ್ರ ನಿಜವಾಗಿ ಕಾಪಾಡಿದ ದತ್ತಾಂಶ ಎಂಬ ತಿಳಿವಳಿಕೆ ಪಾಠದ ಮುಖ್ಯ ಆಶಯ.

1. ಒಮ್ಮೆಲೇ ಆಗುವ ನಷ್ಟ: ಕ್ಯೋಟೊದ ಪಾಠ

2021ರ ಡಿಸೆಂಬರ್ ತಿಂಗಳಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾನಿಲಯದ ಸೂಪರ್ ಕಂಪ್ಯೂಟರಿನಲ್ಲಿದ್ದ ಸುಮಾರು 77 ಟೆರಾಬೈಟ್ ದತ್ತಾಂಶ ಅಳಿಸಿಹೋಯಿತು. ಸುಮಾರು 3 ಕೋಟಿ 40 ಲಕ್ಷ ಕಡತಗಳು, 14 ಸಂಶೋಧನ ತಂಡಗಳ ದುಡಿಮೆ, ಎರಡು ದಿನಗಳೊಳಗೆ ಮಾಯವಾದವು. 64 ಗಿಗಾಬೈಟ್ ಹಿಡಿಸುವ ಮೊಬೈಲ್ ಫೋನುಗಳಲ್ಲಿ ಇಷ್ಟನ್ನು ತುಂಬಬೇಕಾದರೆ 1,200ಕ್ಕೂ ಹೆಚ್ಚು ಫೋನುಗಳು ಬೇಕು ಎಂದರೆ ವಿದ್ಯಾರ್ಥಿಗಳಿಗೆ ಗಾತ್ರದ ಕಲ್ಪನೆ ಬರುತ್ತದೆ.

ಈ ನಷ್ಟಕ್ಕೆ ಬೆಂಕಿಯಾಗಲಿ ಕಳ್ಳತನವಾಗಲಿ ಕಾರಣವಲ್ಲ. ದತ್ತಾಂಶಕ್ಕೆ ಬ್ಯಾಕಪ್ ಪ್ರತಿ ತೆಗೆಯಲೆಂದೇ ಇದ್ದ ಆದೇಶಮಾಲೆ, ಅಂದರೆ ಸ್ಕ್ರಿಪ್ಟ್, ಈ ಅನಾಹುತಕ್ಕೆ ಮೂಲವಾಯಿತು. ಹಳೆಯದಾದ ದಿನಚರಿ ಕಡತಗಳನ್ನು ಹುಡುಕಿ ಅಳಿಸುವುದೂ ಆ ಸ್ಕ್ರಿಪ್ಟಿನ ಕೆಲಸಗಳಲ್ಲಿ ಒಂದಾಗಿತ್ತು. ಸ್ಕ್ರಿಪ್ಟನ್ನು ಸುಧಾರಿಸಿ ಹೊಸ ರೂಪವನ್ನು ಸಿದ್ಧಪಡಿಸಿದವರು, ಹಳೆಯದು ಇನ್ನೂ ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಬರೆದರು. ಇಂಥ ಸ್ಕ್ರಿಪ್ಟನ್ನು ಕಂಪ್ಯೂಟರು ಒಂದೇ ಬಾರಿಗೆ ಪೂರ್ತಿ ಓದಿಕೊಳ್ಳದೆ, ಓಡಿಸುತ್ತಾ ಓಡಿಸುತ್ತಾ ಮುಂದಿನ ಭಾಗವನ್ನು ಓದುತ್ತದೆ. ಆದ್ದರಿಂದ ಅರ್ಧ ದಾರಿಯಲ್ಲಿ ಅದು ಹೊಸ ಆದೇಶಗಳನ್ನು ಓದತೊಡಗಿತು. ‘ಯಾವ ಜಾಗದಲ್ಲಿ ಅಳಿಸಬೇಕು’ ಎಂಬುದನ್ನು ಸೂಚಿಸುವ ಹೆಸರಿಗೆ ಆಗ ಬೆಲೆಯೇ ಇರಲಿಲ್ಲ. ಫಲವಾಗಿ, ದಿನಚರಿಗಳ ಜಾಗದ ಬದಲು ಸಂಶೋಧಕರ ಕಡತಗಳಿದ್ದ ಭಂಡಾರದಲ್ಲಿಯೇ ಅಳಿಸುವ ಕೆಲಸ ನಡೆಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಗೆ ಇದಕ್ಕಿಂತ ಹೊಂದುವ ಆಧುನಿಕ ನಿದರ್ಶನ ಸಿಗುವುದು ಕಷ್ಟ. 14 ತಂಡಗಳ ಪೈಕಿ 4 ತಂಡಗಳ ಕಡತಗಳನ್ನು ಬ್ಯಾಕಪ್‌ನಿಂದ ಮರಳಿ ಪಡೆಯಲು ಸಾಧ್ಯವಿಲ್ಲವೆಂದು ವಿಶ್ವವಿದ್ಯಾನಿಲಯ ಪ್ರಕಟಿಸಿತು.

ಇದರಿಂದ ತಿಳಿಯುವ ನಿಯಮ ಸರಳ. ಮುಖ್ಯವಾದ ದತ್ತಾಂಶಕ್ಕೆ ಮೂರು ಪ್ರತಿಗಳಿರಬೇಕು. ಅವು ಕನಿಷ್ಠ ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿಯಾದರೂ ಬೇರೆ ಸ್ಥಳದಲ್ಲಿರಬೇಕು. ಒಂದೇ ಆದೇಶ ಎಲ್ಲ ಪ್ರತಿಗಳನ್ನೂ ಮುಟ್ಟುವಂತಿದ್ದರೆ ಅವು ಎಣಿಕೆಗೆ ಮೂರು, ರಕ್ಷಣೆಗೆ ಒಂದೇ. ಪ್ರತಿ ಇದ್ದರಷ್ಟೇ ಸಾಲದು, ಅದನ್ನು ಆಗಾಗ ತೆರೆದು ನೋಡಬೇಕು. ದೊಡ್ಡ ಭಂಡಾರಗಳಲ್ಲಿ ಪ್ರತಿಯೊಂದು ಕಡತಕ್ಕೂ ಅದರ ಒಳಗಿನ ಅಕ್ಷರ ಅಕ್ಷರವನ್ನೂ ಲೆಕ್ಕಕ್ಕೆ ಹಿಡಿದು ಒಂದು ತಾಳೆಸಂಖ್ಯೆಯನ್ನು ಕಂಪ್ಯೂಟರ್ ಕಟ್ಟುತ್ತದೆ. ನಕಲು ಮಾಡಿದ ಮೇಲೆ ಮತ್ತೆ ಅದೇ ಲೆಕ್ಕ ಮಾಡಿದಾಗ ಸಂಖ್ಯೆ ತಾಳೆಯಾಗದಿದ್ದರೆ ಕಡತ ಎಲ್ಲಿಯೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ.

ಶಿಕ್ಷಕರಿಗೆ ಸೂಚನೆ: ಇಲ್ಲಿ ಒಂದು ಲೆಕ್ಕ ಮಾಡಿಸಬಹುದು. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 77 ಟೆರಾಬೈಟ್ ದತ್ತಾಂಶವನ್ನು ಮತ್ತೊಂದು ಊರಿಗೆ ಕಳುಹಿಸಲು ಎಷ್ಟು ದಿನ ಬೇಕು? (8 ಬಿಟ್‌ಗಳಿಗೆ 1 ಬೈಟ್.) ಎಡೆಬಿಡದೆ ಕಳುಹಿಸಿದರೂ ಸುಮಾರು 71 ದಿನ ಎಂಬ ಉತ್ತರ ಬರುತ್ತದೆ. ‘ಇನ್ನೊಂದು ಪ್ರತಿ ಇಡಿ’ ಎಂದು ಹೇಳುವುದು ಸುಲಭ, ಇಡುವುದಕ್ಕೆ ಹಣ, ಕಾಲ, ಯೋಜನೆ ಬೇಕು ಎಂಬುದು ಇದರಿಂದ ಮನದಟ್ಟಾಗುತ್ತದೆ.

2. ಸದ್ದಿಲ್ಲದೆ ಆಗುವ ನಷ್ಟ: ಕಾಲದ ಸವೆತ

ಕ್ಯೋಟೊದ ಘಟನೆ ಸುದ್ದಿಯಾಯಿತು. ಆದರೆ ಹೆಚ್ಚಿನ ದತ್ತಾಂಶ ಸುದ್ದಿಯಾಗದೆ ಅಳಿಯುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು, 2ರಿಂದ 22 ವರ್ಷಗಳ ಹಿಂದೆ ಪ್ರಕಟವಾಗಿದ್ದ 516 ಜೀವವಿಜ್ಞಾನ ಪ್ರಬಂಧಗಳನ್ನು ಆರಿಸಿ, ಅವುಗಳ ಮೂಲ ದತ್ತಾಂಶವನ್ನು ಲೇಖಕರಿಂದ ಕೇಳಿದರು. 2014ರಲ್ಲಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಪ್ರಬಂಧಕ್ಕೆ ಒಂದೊಂದು ವರ್ಷ ವಯಸ್ಸಾದಂತೆ ಅದರ ದತ್ತಾಂಶ ಉಳಿದಿರುವ ಸಂಭವ ಶೇಕಡಾ 17ರಷ್ಟು ಇಳಿಯುತ್ತಾ ಹೋಗುತ್ತದೆ.

ಇಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಹಳೆಯ ಕಂಪ್ಯೂಟರ್ ಗುಜರಿಗೆ ಹೋಯಿತು. ಕಡತ ಉಳಿದಿದ್ದರೂ ಅದು ಇದ್ದ ಡಿಸ್ಕನ್ನು ಓದುವ ಯಂತ್ರ ಈಗ ಸಿಗುವುದಿಲ್ಲ. ಲೇಖಕರ ಇಮೇಲ್ ವಿಳಾಸ ಬದಲಾಯಿತು. ದತ್ತಾಂಶದ ಕಾವಲು ಒಬ್ಬ ವ್ಯಕ್ತಿಯ ನೆನಪಿನ ಮೇಲೆ ನಿಂತಿದ್ದರೆ ಅದರ ಆಯುಸ್ಸು ಆ ನೆನಪಿನಷ್ಟೇ. ಆದ್ದರಿಂದಲೇ ದತ್ತಾಂಶವನ್ನು ಸಂಸ್ಥೆಗಳು ನಡೆಸುವ ಭಂಡಾರಗಳಿಗೆ ಒಪ್ಪಿಸುವ ಪದ್ಧತಿ ಬೆಳೆದಿದೆ. ಯುರೋಪಿನ ಸರ್ನ್ ಸಂಸ್ಥೆ 2013ರಿಂದ ನಡೆಸುತ್ತಿರುವ ‘ಝೆನೋಡೋ’ ಅಂಥದೊಂದು ಭಂಡಾರ. ಪ್ರಾಚೀನ ಅಲೆಕ್ಸಾಂಡ್ರಿಯಾ ಗ್ರಂಥಾಲಯದ ಮೊದಲ ಗ್ರಂಥಪಾಲಕನೆಂದು ಪ್ರಸಿದ್ಧನಾದ ಝೆನೋಡೋಟಸನ ಹೆಸರಿನಿಂದ ಅದಕ್ಕೆ ಆ ಹೆಸರು ಬಂದಿದೆ. ಅಲ್ಲಿ ಒಪ್ಪಿಸಿದ ಪ್ರತಿಯೊಂದು ದತ್ತಾಂಶಕ್ಕೂ ಬದಲಾಗದ ಗುರುತುಸಂಖ್ಯೆ ದೊರೆಯುತ್ತದೆ. ಭಾರತದಲ್ಲಿ ಪಿಎಚ್.ಡಿ. ಪ್ರಬಂಧಗಳನ್ನು ‘ಶೋಧಗಂಗಾ’ದಲ್ಲಿ ಇಡುವ ಏರ್ಪಾಡು ಇದೇ ಆಶಯದ ಒಂದು ಹೆಜ್ಜೆ.

3. ಕಡತ ಉಳಿದರೂ ಅರ್ಥ ಉಳಿಯದಿರುವುದು

ಕಡತ ಸುರಕ್ಷಿತವಾಗಿದ್ದೂ ಒಳಗಿನದು ಕೆಡಬಹುದು. ತಳಿಶಾಸ್ತ್ರಜ್ಞರು ಮಾನವ ವಂಶವಾಹಿಗಳಿಗೆ ಇಟ್ಟಿದ್ದ ಕಿರುಹೆಸರುಗಳಲ್ಲಿ ‘ಮಾರ್ಚ್1’, ‘ಸೆಪ್ಟ್2’ ಎಂಬಂಥವು ಇದ್ದವು. ಎಕ್ಸೆಲ್ ತಂತ್ರಾಂಶ ಇವನ್ನು ಮಾರ್ಚ್ 1, ಸೆಪ್ಟೆಂಬರ್ 2 ಎಂಬ ದಿನಾಂಕಗಳೆಂದು ಭಾವಿಸಿ ತಾನಾಗಿ ಬದಲಿಸಿಬಿಡುತ್ತಿತ್ತು. 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯು, ಎಕ್ಸೆಲ್ ಪಟ್ಟಿಗಳನ್ನು ಲಗತ್ತಿಸಿದ್ದ ವಂಶವಾಹಿ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇಂಥ ದೋಷಗಳನ್ನು ಹೊಂದಿರುವುದನ್ನು ತೋರಿಸಿತು. ಕೊನೆಗೆ 2020ರಲ್ಲಿ, ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು ಆ ವಂಶವಾಹಿಗಳ ಹೆಸರುಗಳನ್ನೇ ಬದಲಿಸಿದುದನ್ನು ಪ್ರಕಟಿಸಿತು.

ಕನ್ನಡ ಶಿಕ್ಷಕರಿಗೆ ಇದಕ್ಕೆ ಸಮಾನವಾದ ಅನುಭವ ದೂರದ್ದಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಕಡತಗಳನ್ನು ಬೇರೆ ಬೇರೆ ಅಕ್ಷರಶೈಲಿಗಳ ಫಾಂಟುಗಳಲ್ಲಿ ಬೆರಳಚ್ಚು ಮಾಡುತ್ತಿದ್ದರು. ಕಂಪ್ಯೂಟರಿನ ಒಳಗೆ ಅಲ್ಲಿ ಇದ್ದುದು ಕನ್ನಡದ ಅಕ್ಷರಗಳಲ್ಲ; ರೋಮನ್ ಲಿಪಿಗೆ ಮೀಸಲಾದ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಲಾಗಿತ್ತು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಗುರುತುಗಳ ರಾಶಿ. ಯೂನಿಕೋಡಿನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಅದರದೇ ಆದ ಸಂಕೇತವಿರುವುದರಿಂದ ಕನ್ನಡ, ಮಲಯಾಳ, ತಮಿಳು, ತೆಲುಗು, ಮರಾಠಿ ಪದಗಳು ಒಂದೇ ಪಟ್ಟಿಯಲ್ಲಿ ಕೂಡಿ ಬಾಳಬಹುದು. ಗಡಿನಾಡಿನ ಶಾಲೆಗೆ ಇದರಷ್ಟು ಉಪಯುಕ್ತವಾದ ಸೌಲಭ್ಯ ಬೇರೆ ಇಲ್ಲ.

ಅಂಕಿ ಅಕ್ಷರಗಳು ಸರಿಯಾಗಿದ್ದರೂ ವಿವರಪತ್ರ ಇಲ್ಲದಿದ್ದರೆ ದತ್ತಾಂಶ ಮೂಕವಾಗುತ್ತದೆ. ‘37’ ಎಂದು ಬರೆದ ಒಂದು ಕೋಷ್ಟಕದಲ್ಲಿ ಅದು ಉಷ್ಣತೆಯೋ, ವಯಸ್ಸೋ, ಮಳೆಯ ಅಳತೆಯೋ ಯಾರು ಹೇಳಬೇಕು? ಯಾರು, ಯಾವಾಗ, ಎಲ್ಲಿ, ಯಾವ ಸಾಧನದಿಂದ, ಯಾವ ಮಾನದಲ್ಲಿ ದಾಖಲಿಸಿದರು. ಖಾಲಿ ಬಿಟ್ಟ ಮನೆಗಳಿಗೆ ಏನು ಅರ್ಥ ಎಂಬುದನ್ನು ಬರೆದ ಪತ್ರ ದತ್ತಾಂಶದ ಜೊತೆಯಲ್ಲಿಯೇ ಇರಬೇಕು. 2016ರಲ್ಲಿ ವಿಜ್ಞಾನಿಗಳು ರೂಪಿಸಿ ಪ್ರಕಟಿಸಿದ ‘ಫೇರ್’ ತತ್ತ್ವಗಳ ಸಾರವೂ ಇದೇ: ದತ್ತಾಂಶ ಹುಡುಕಿದರೆ ಸಿಗಬೇಕು, ಸಿಕ್ಕರೆ ಪಡೆಯಲು ಬರಬೇಕು, ಪಡೆದರೆ ಬೇರೆ ದತ್ತಾಂಶದೊಡನೆ ಹೊಂದಬೇಕು, ಹೊಂದಿದರೆ ಮರುಬಳಕೆಗೆ ಒದಗಬೇಕು.

4. ಹಂಚಿಕೆಯೇ ಪರೀಕ್ಷೆ

2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಒಂದು ಪ್ರಬಂಧ ಪ್ರಕಟಿಸಿದರು. 20 ಮುಂದುವರಿದ ದೇಶಗಳ 1946ರಿಂದ 2009ರವರೆಗಿನ ಲೆಕ್ಕವನ್ನು ಆಧರಿಸಿ, ಸರ್ಕಾರದ ಸಾಲ ಒಟ್ಟು ದೇಶೀಯ ಉತ್ಪನ್ನದ ಶೇಕಡಾ 90ನ್ನು ದಾಟಿದಾಗ ಸರಾಸರಿ ಬೆಳವಣಿಗೆ ಶೇಕಡಾ –0.1ಕ್ಕೆ ಇಳಿಯುತ್ತದೆ ಎಂದು ಅವರು ತೋರಿಸಿದ್ದರು. ಸರ್ಕಾರಿ ವೆಚ್ಚವನ್ನು ಕಡಿತಗೊಳಿಸಬೇಕೆಂದು ವಾದಿಸಿದ ಅನೇಕ ದೇಶಗಳ ರಾಜಕಾರಣಿಗಳು ಈ ಪ್ರಬಂಧವನ್ನು ಆಧಾರವಾಗಿ ಹೇಳಿದರು.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಆಮ್‌ಹರ್ಸ್ಟ್ ಕೇಂದ್ರದಲ್ಲಿ ಓದುತ್ತಿದ್ದ ಥಾಮಸ್ ಹರ್ಂಡನ್ ಎಂಬ ವಿದ್ಯಾರ್ಥಿ ತನ್ನ ಅಭ್ಯಾಸಕ್ಕಾಗಿ ಇದೇ ಲೆಕ್ಕವನ್ನು ಮತ್ತೆ ಮಾಡಲು ಹೊರಟರು. ಉತ್ತರ ತಾಳೆಯಾಗಲಿಲ್ಲ. ಲೇಖಕರನ್ನು ಕೇಳಿದಾಗ ಅವರು ತಮ್ಮ ಎಕ್ಸೆಲ್ ಕಡತವನ್ನು ಕಳುಹಿಸಿಕೊಟ್ಟರು. ಸರಾಸರಿ ತೆಗೆಯುವ ಸೂತ್ರ ಕೊನೆಯವರೆಗೆ ಹೋಗದೆ ಐದು ಸಾಲುಗಳಷ್ಟು ಮೊದಲೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಎಂಬ ಐದು ದೇಶಗಳು ಲೆಕ್ಕದಿಂದ ಹೊರಗುಳಿದಿದ್ದವು. ಹರ್ಂಡನ್ ತಮ್ಮ ಇಬ್ಬರು ಅಧ್ಯಾಪಕರೊಡನೆ 2013ರಲ್ಲಿ ಪ್ರಕಟಿಸಿದ ಪರಿಷ್ಕೃತ ಲೆಕ್ಕದಲ್ಲಿ ಶೇಕಡಾ –0.1 ಇದ್ದದ್ದು ಶೇಕಡಾ 2.2 ಆಯಿತು. ಈ ವ್ಯತ್ಯಾಸದಲ್ಲಿ ಸೂತ್ರದ ತಪ್ಪಿನ ಪಾಲು ಚಿಕ್ಕದು. ಕೆಲವು ವರ್ಷಗಳನ್ನು ಬಿಟ್ಟದ್ದು ಮತ್ತು ದೇಶಗಳಿಗೆ ತೂಕ ಕೊಟ್ಟ ಕ್ರಮ ಉಳಿದ ಕಾರಣಗಳು. ಮೂಲ ಲೇಖಕರು ಸೂತ್ರದ ತಪ್ಪನ್ನು ಒಪ್ಪಿಕೊಂಡರು, ಉಳಿದ ಟೀಕೆಗಳನ್ನು ಒಪ್ಪಲಿಲ್ಲ.

ಶಿಕ್ಷಕರು ಇಲ್ಲಿ ಎರಡು ಅಂಶಗಳಿಗೆ ಒತ್ತು ಕೊಡಬೇಕು. ಪ್ರಬಂಧವನ್ನು ಎಷ್ಟು ಬಾರಿ ಓದಿದರೂ ಕಾಣದಿದ್ದ ತಪ್ಪು ದತ್ತಾಂಶದ ಕಡತವನ್ನು ತೆರೆದ ಮೇಲೆ ಕಂಡಿತು. ಕಡತವನ್ನು ಕೊಟ್ಟವರು ಅದೇ ಲೇಖಕರು ಎಂಬುದನ್ನೂ ಮರೆಯಬಾರದು. ದತ್ತಾಂಶವನ್ನು ಕೊಡುವುದರಿಂದ ತಪ್ಪು ಹೊರಬೀಳಬಹುದು. ಕೊಡದಿದ್ದರೆ ತಪ್ಪು ಉಳಿದೇ ಇರುತ್ತದೆ, ಅದರ ಹೊರೆಯನ್ನು ಇತರರು ಹೊರುತ್ತಾರೆ.

5. ಹಂಚಿಕೆಯ ಫಲ

1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ‘ಪ್ರೋಟೀನ್ ಡೇಟಾ ಬ್ಯಾಂಕ್’ ಆರಂಭವಾದಾಗ ಅದರಲ್ಲಿದ್ದುದು 7 ಪ್ರೋಟೀನುಗಳ ರಚನೆ ಮಾತ್ರ. ಪ್ರೋಟೀನಿನ ಅಣುವಿನಲ್ಲಿ ಯಾವ ಪರಮಾಣು ಎಲ್ಲಿದೆ ಎಂಬುದನ್ನು ಕಂಡುಹಿಡಿಯುವುದು ಹಲವು ವರ್ಷಗಳ ಶ್ರಮ. ಕಂಡದ್ದನ್ನು ಭಂಡಾರಕ್ಕೆ ಒಪ್ಪಿಸದೆ ಪ್ರಬಂಧ ಪ್ರಕಟಿಸುವುದಿಲ್ಲ ಎಂಬ ನಿಯಮವನ್ನು ಪತ್ರಿಕೆಗಳು ಕ್ರಮೇಣ ತಂದವು. ಇಂದು ಅಲ್ಲಿ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಒಪ್ಪಿಸಿದ ರಚನೆ ಸರಿಯಾಗಿದೆಯೇ ಎಂದು ಒರೆಗೆ ಹಚ್ಚುವ ಸಾಧನಗಳಲ್ಲಿ ಮುಖ್ಯವಾದುದು ‘ರಾಮಚಂದ್ರನ್ ನಕ್ಷೆ’. ಎರ್ಣಾಕುಳಂನಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್ ಅವರು ಮದ್ರಾಸು ವಿಶ್ವವಿದ್ಯಾನಿಲಯದಲ್ಲಿದ್ದಾಗ ಸಹೋದ್ಯೋಗಿಗಳೊಡನೆ 1963ರಲ್ಲಿ ಇದನ್ನು ಪ್ರಕಟಿಸಿದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು.

ಅರ್ಧ ಶತಮಾನ ಕೂಡಿಬಂದ ಈ ಭಂಡಾರದಿಂದ ಕಲಿತ ಕಂಪ್ಯೂಟರ್ ಕಾರ್ಯಕ್ರಮವೇ ‘ಆಲ್ಫಾಫೋಲ್ಡ್’. ಅಳತೆ ಮಾಡದ ಪ್ರೋಟೀನುಗಳ ಆಕಾರವನ್ನೂ ಅದು ಮುಂಗಾಣುತ್ತದೆ. ಅದನ್ನು ರೂಪಿಸಿದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಪಾಲು ದೊರೆಯಿತು. 1971ರಲ್ಲಿ ಆ ಏಳು ರಚನೆಗಳನ್ನು ಒಪ್ಪಿಸಿದವರು ಇಂಥ ಬಳಕೆಯನ್ನು ಊಹಿಸಿರಲಾರರು.

6. ಹಂಚಿಕೆಯ ಮಿತಿ

ಎಲ್ಲವನ್ನೂ ಎಲ್ಲರಿಗೂ ತೆರೆದಿಡಬೇಕು ಎಂದು ಇದರ ಅರ್ಥವಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು, ವಿಳಾಸ ತೆಗೆದು ಸಂಶೋಧಕರಿಗೆ ನೀಡಲಾಗಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು ಕೊಂಡು, ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಖ್ಯೆ ಈ ಮೂರನ್ನು ಎರಡು ಪಟ್ಟಿಗಳಲ್ಲಿ ಹೋಲಿಸಿದರು. ರಾಜ್ಯದ ಗವರ್ನರ್ ಅವರ ವೈದ್ಯಕೀಯ ದಾಖಲೆಯೇ ಗುರುತಿಗೆ ಸಿಕ್ಕಿತು. ಹೆಸರು ತೆಗೆದ ಮಾತ್ರಕ್ಕೆ ವ್ಯಕ್ತಿ ಮರೆಯಾಗುವುದಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಚಿಕ್ಕ ಊರುಗಳಲ್ಲಂತೂ ‘82 ವರ್ಷದ ನಿವೃತ್ತ ಅಂಚೆಯಣ್ಣ’ ಎಂದರೆ ಸಾಕು, ಹೆಸರು ಬೇಕಿಲ್ಲ.

ಆದ್ದರಿಂದ ಮನುಷ್ಯರಿಂದ ಪಡೆದ ದತ್ತಾಂಶಕ್ಕೆ ಮೊದಲು ಅವರ ತಿಳಿದ ಒಪ್ಪಿಗೆ ಬೇಕು. ಬೇಡದ ವಿವರವನ್ನು ಸಂಗ್ರಹಿಸಲೇಬಾರದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ ಒಪ್ಪಿಗೆಯನ್ನು ಮುಖ್ಯ ಆಧಾರವನ್ನಾಗಿ ಹಿಡಿದಿದೆ. 18 ವರ್ಷ ತುಂಬದವರ ವಿಷಯದಲ್ಲಿ ಹೆತ್ತವರ ಒಪ್ಪಿಗೆಯನ್ನು ಬಯಸುತ್ತದೆ.

7. ಚಟುವಟಿಕೆ: ನಮ್ಮ ಊರಿನ ಪದಭಂಡಾರ

ಜಾರ್ಜ್ ಗ್ರಿಯರ್ಸನ್ ನಡೆಸಿದ ಭಾರತೀಯ ಭಾಷಾ ಸಮೀಕ್ಷೆಯ ಸಂಪುಟಗಳು 1903ರಿಂದ 1928ರವರೆಗೆ ಪ್ರಕಟವಾದವು. ಶಿಕಾಗೊ ವಿಶ್ವವಿದ್ಯಾನಿಲಯದ ‘ಡಿಜಿಟಲ್ ಸೌತ್ ಏಷಿಯಾ ಲೈಬ್ರರಿ’ಯಲ್ಲಿ ಇಂದು ಅವು ಎಲ್ಲರಿಗೂ ತೆರೆದಿವೆ. ಆದರೆ ಮದ್ರಾಸು ಪ್ರಾಂತ, ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳು ಆ ಸಮೀಕ್ಷೆಯ ವ್ಯಾಪ್ತಿಗೆ ಸೇರಿರಲಿಲ್ಲ. ಕಾಸರಗೋಡು, ನೀಲಗಿರಿ, ಹೊಸೂರು, ತಾಳವಾಡಿ, ಆದೋನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಆಗ ಮದ್ರಾಸು ಪ್ರಾಂತದಲ್ಲಿದ್ದವು. ಅಂದು ಆ ಊರುಗಳ ಹಿರಿಯರು ಆಡುತ್ತಿದ್ದ ಕನ್ನಡವನ್ನು ಆ ಸಮೀಕ್ಷೆಗಾಗಿ ಯಾರೂ ಬರೆದುಕೊಳ್ಳಲಿಲ್ಲ, ಇನ್ನು ಬರೆದುಕೊಳ್ಳಲಾಗದು. ಇಂದಿನ ಹಿರಿಯರ ಮಾತು ಇನ್ನೂ ಕೈಗೆಟುಕುವಂತಿದೆ.

ವಿದ್ಯಾರ್ಥಿಗಳು ತಮ್ಮ ಮನೆಯ ಅಥವಾ ನೆರೆಯ ಅಜ್ಜ ಅಜ್ಜಿಯರಿಂದ ಬೇಸಾಯ, ಅಡುಗೆ, ನಂಟಸ್ತಿಕೆಗಳಿಗೆ ಸಂಬಂಧಿಸಿದ ತಲಾ 20 ಪದಗಳನ್ನು ಸಂಗ್ರಹಿಸಲಿ. ಕೋಷ್ಟಕದ ಅಂಕಣಗಳು: ಕ್ರಮಸಂಖ್ಯೆ, ಪದ, ಅರ್ಥ, ಬಳಕೆಯ ಒಂದು ವಾಕ್ಯ, ಊರು, ಹೇಳಿದವರ ವಯೋಮಾನ (60–70, 70–80 ಎಂಬಂತೆ), ಸಂಗ್ರಹಿಸಿದ ದಿನಾಂಕ, ಸಂಗ್ರಹಿಸಿದವರು, ಧ್ವನಿಮುದ್ರಣ ಕಡತದ ಹೆಸರು. ‘ಕೂರಿಗೆ: ಬೀಜ ಬಿತ್ತುವ ಸಾಧನ’ ಎಂದಷ್ಟೇ ಬರೆದರೆ ಅದು ನಿಘಂಟಿನಲ್ಲಿಯೂ ಇದೆ. ಯಾವ ಊರಿನಲ್ಲಿ, ಯಾವ ತಲೆಮಾರಿನವರ ಬಾಯಲ್ಲಿ, ಯಾವ ವಾಕ್ಯದಲ್ಲಿ ಬಂತು ಎಂಬುದು ಸೇರಿದಾಗ ಮಾತ್ರ ಅದು ದತ್ತಾಂಶ.

ಅನುಸರಿಸಬೇಕಾದ ಕ್ರಮ:

- ಮೊದಲು ಉದ್ದೇಶವನ್ನು ತಿಳಿಸಿ ಹಿರಿಯರ ಒಪ್ಪಿಗೆ ಪಡೆಯುವುದು. ಅವರ ಹೆಸರನ್ನು ಕೋಷ್ಟಕದಲ್ಲಿ ಬರೆಯದಿರುವುದು.
- ಯೂನಿಕೋಡ್ ಅಕ್ಷರಗಳಲ್ಲಿಯೇ ಬೆರಳಚ್ಚು ಮಾಡುವುದು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿ ಬರೆಯುವುದು.
- ಗೊತ್ತಿಲ್ಲದ್ದನ್ನು ಊಹಿಸಿ ತುಂಬದೆ ‘ತಿಳಿಯದು’ ಎಂದು ಬರೆಯುವುದು.
- ಮೂಲ ಕೋಷ್ಟಕವನ್ನು ತಿದ್ದದೆ ಇಟ್ಟು, ತಿದ್ದುಪಡಿಗಳನ್ನು ಪ್ರತಿಯಲ್ಲಿ ಮಾಡುವುದು.
- ಒಂದು ಪುಟದ ವಿವರಪತ್ರ ಬರೆಯುವುದು.
- ಶಾಲೆಯ ಕಂಪ್ಯೂಟರ್, ಪೆನ್ ಡ್ರೈವ್, ಮತ್ತೊಂದು ಶಾಲೆ ಹೀಗೆ ಮೂರು ಕಡೆ ಇಡುವುದು.

ಕೊನೆಯ ಹಂತದಲ್ಲಿ ಒಂದು ತಂಡದ ಕೋಷ್ಟಕವನ್ನು ಮತ್ತೊಂದು ತಂಡಕ್ಕೆ ಕೊಟ್ಟು, ಸಂಗ್ರಹಿಸಿದವರನ್ನು ಏನೂ ಕೇಳದೆ ಓದಿ ವಿವರಿಸಲು ಹೇಳಬೇಕು. ಎಲ್ಲಿ ತಡವರಿಸುತ್ತಾರೋ ಅಲ್ಲಿ ವಿವರಪತ್ರ ಅಪೂರ್ಣವಾಗಿದೆ ಎಂದರ್ಥ. ಅಂಕ ನೀಡುವಾಗ ಪದಗಳ ಸಂಖ್ಯೆಗಿಂತ ಈ ಪರೀಕ್ಷೆಗೆ ಹೆಚ್ಚು ಬೆಲೆ ಕೊಡುವುದು ಸೂಕ್ತ.

ಮೌಲ್ಯಮಾಪನ

1. ದತ್ತಾಂಶ ಮತ್ತು ತೀರ್ಮಾನಗಳಿಗೆ ಇರುವ ವ್ಯತ್ಯಾಸವನ್ನು ನಿಮ್ಮದೇ ಉದಾಹರಣೆಯಿಂದ ತಿಳಿಸಿ.
2. ಕ್ಯೋಟೊ ವಿಶ್ವವಿದ್ಯಾನಿಲಯದಲ್ಲಿ ದತ್ತಾಂಶ ಅಳಿಸಿಹೋದುದು ಹೇಗೆ? ಮೂರು ಪ್ರತಿಗಳ ನಿಯಮವನ್ನು ವಿವರಿಸಿ.
3. ಹಳೆಯ ಫಾಂಟಿನ ಕಡತಕ್ಕೂ ಯೂನಿಕೋಡ್ ಕಡತಕ್ಕೂ ಇರುವ ವ್ಯತ್ಯಾಸವೇನು?
4. ‘ತಪ್ಪು ಹೊರಬೀಳುವ ಭಯದಿಂದ ದತ್ತಾಂಶವನ್ನು ಮುಚ್ಚಿಡಬಾರದು.’ ಸಾಲದ ಲೆಕ್ಕದ ಪ್ರಸಂಗವನ್ನು ಆಧರಿಸಿ ಚರ್ಚಿಸಿ.
5. ಒಂದು ಹಳ್ಳಿಯ ಆರೋಗ್ಯ ಸಮೀಕ್ಷೆಯ ಕೋಷ್ಟಕವನ್ನು ಎಲ್ಲರಿಗೂ ತೆರೆದಿಡುವ ಮೊದಲು ಯಾವ ಅಂಕಣಗಳನ್ನು ತೆಗೆಯುವಿರಿ, ಯಾವುದನ್ನು ಬದಲಿಸುವಿರಿ? ಕಾರಣ ಕೊಡಿ.